ಉಪ್ಪು ನಿವಾಳಿಸಿದ ಮಧ್ಯಾಹ್ನ

ಕುಮಟಾ ಕಡೆಯ ಉಪ್ಪಿನ ಆಗರದಲ್ಲಿ ಸೀಸೆಗೆ ಕೆಸರು ತುಂಬಿಕೊಳ್ಳುತ್ತಿದ್ದೆ. ಅಷ್ಟು ಉಪ್ಪಿನಲ್ಲೂ ಬದುಕುವ ಬ್ಯಾಕ್ಟೀರಿಯಾ ಹುಡುಕುವುದು ನನ್ನ ಕೆಲಸ. ಪಕ್ಕದಲ್ಲೇ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಉಪ್ಪು ಮಾರುತ್ತಿದ್ದ ಮಾದೇವಕ್ಕನಿಗೆ ಇದು ಸರಿಬರಲಿಲ್ಲ.

“ಎಂತ ಹುಡುಕ್ತೀರಿ? ಉಪ್ಪಲ್ಲಿ ಹುಳ ಅದೆ ಅಂತ ಪೇಪರಲ್ಲಿ ಬಂದ್ರೆ ನನ್ನ ಉಪ್ಪು ಯಾರು ತಗಳ್ತಾರೆ?”

ಹೆದರಬೇಡಿ ಎಂದೆ. ಪಾಠ ಮಾಡುವ ಚಟ ಬೇರೆ. ಈ ಜೀವಿಗಳ ಡಿಎನ್‌ಎಯಲ್ಲಿ ಒಂದೇ ಅಕ್ಷರಸಾಲು ಮತ್ತೆ ಮತ್ತೆ ಬರುತ್ತದೆ, ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ, ನೋಡಿದರೆ ಬರೀ ಕಸ. ಆದರೆ ಎರಡು ಸಾಲುಗಳ ನಡುವೆ ಹಿಂದೊಮ್ಮೆ ಕೊಲ್ಲಲು ಬಂದಿದ್ದ ವೈರಸ್ಸಿನ ಚೂರೊಂದು ಇರುತ್ತದೆ. ಅದೇ ವೈರಿ ಮತ್ತೆ ಬಂದರೆ ಮರಿಗಳಿಗೂ ಗುರುತು ಸಿಗಲಿ ಎಂದು.

ಮಾದೇವಕ್ಕ ಒಪ್ಪಿದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ನನ್ನ ನೀಲಿ ಕೈಗವಸು ಕಂಡು ಮಗು ಕಿರುಚಿ ಅಳತೊಡಗಿತು. ಅವಳು ರಾಶಿಯಿಂದ ಒಂದು ಮುಷ್ಟಿ ಉಪ್ಪು ತೆಗೆದು ನಿವಾಳಿಸತೊಡಗಿದಳು. “ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು...”

ಸೀಸೆ ಮುಚ್ಚುವುದನ್ನೂ ಮರೆತೆ. ಕಂಪ್ಯೂಟರಿನ ಮುಂದೆ ಕೂತು ನಾನು ದಿನಾ ನೋಡುವುದು ಇದನ್ನೇ ಅಲ್ಲವೇ? ಮತ್ತೆ ಮತ್ತೆ ಅದೇ ಕಣ್ಣು, ನಡುವೆ ಒಬ್ಬೊಬ್ಬ ವೈರಿ.

“ಅಕ್ಕಾ, ನಾನು ಹೇಳಿದ್ದು ಇದನ್ನೇ!”

ಮಾದೇವಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮತ್ತೆ ಕೈ ಸುತ್ತಿಸಿ, “ಸೀಸೆ ಹಿಡಕೊಂಡು ಬಂದವರ ಕಣ್ಣು” ಎಂದು ಸೇರಿಸಿದಳು.

ಮಗು ಅಳು ನಿಲ್ಲಿಸಿತು. ಆ ಮನೆಯಲ್ಲಿ ಮುಂದೆ ಹುಟ್ಟುವ ಮಕ್ಕಳಿಗೂ ಇನ್ನು ನನ್ನ ಭಯವಿಲ್ಲ.