ರಕ್ತನಾಳಕ್ಕೆ ಹುಣಸೆ ಬೀಜದ ಗಂಜಿ

ನಮ್ಮ ಪಕ್ಕದ ಮನೆಯ ಚೌಡಣ್ಣ ಕಂಬಳಿ ನೇಯುವವನು. ಆಂಧ್ರದ ನಮ್ಮ ಕಂಬದೂರಿನ ಸುತ್ತ ಅವನಷ್ಟು ಹಠಮಾರಿ ಇನ್ನೊಬ್ಬನಿಲ್ಲ. ಹಿಡಿದರೆ ಉಡದ ಪಟ್ಟು. ಕಳೆದ ವರ್ಷ ಬಲ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆಗೆ ಕಾಲು ಜೋಮು ಹಿಡಿದಿತ್ತು. ಹುಣ್ಣು ಕೀವಾದ ಮೇಲೆ ಕಲ್ಯಾಣದುರ್ಗದ ಡಾಕ್ಟರು ನೋಡಿ, ಕಾಲು ಉಳಿಯುವುದು ಕಷ್ಟ, ಹಿಂದೂಪುರಕ್ಕೆ ಹೋಗಿ ಎಂದರು. ಗುಂಡಿಮಗ್ಗದಲ್ಲಿ ಕೂತವನು ನೆಲದ ಗುಂಡಿಗೆ ಕಾಲು ಇಳಿಬಿಟ್ಟು, ಎರಡೂ ಕಾಲಲ್ಲಿ ಮಣೆ ತುಳಿದು ನೇಯಬೇಕು. "ಕಾಲು ಹೋದ್ರೆ ನಾನ್ಯಾಕೆ ಇರ್ಬೇಕು ಕಣಪ್ಪ" ಎಂದು ಬಸ್ಸಿನಲ್ಲಿ ನನ್ನ ತಲೆ ತಿಂದ.

ಹಿಂದೂಪುರದ ಡಾಕ್ಟರ್ ಶಿವರಂಜನಿ ಕೀವು ತೆಗೆದು ಮದ್ದು ಕಟ್ಟಿ, ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಕೂದಲಿಗಿಂತ ಸಣ್ಣ ರಕ್ತನಾಳವನ್ನು ದೊಡ್ಡ ಸೂಕ್ಷ್ಮದರ್ಶಕದಲ್ಲಿ ಹಿಡಿದದ್ದು. ಒಳಗೋಡೆಯ ತುಂಬ ನವಿರಾದ ಎಳೆಗಳು ಒತ್ತೊತ್ತಾಗಿ ನಿಂತಿದ್ದವು. ಅಂಟಂಟಾದ ಆ ಎಳೆಗಳೇ ಗೋಡೆಯನ್ನು ಕಾಯುತ್ತವಂತೆ; ಒಳಗಿನದು ಸುಮ್ಮನೆ ಸೋರದಂತೆ, ರಕ್ತದ ಕಣಗಳು ಗೋಡೆಗೆ ಮೆತ್ತಿಕೊಳ್ಳದಂತೆ. ರಕ್ತದಲ್ಲಿ ಸಕ್ಕರೆ ಏರಿದರೆ ಅವು ಸವೆದು ಉದುರುತ್ತವೆ, ಹುಣ್ಣು ಮಾಯದಿರುವುದಕ್ಕೆ ಅದೂ ಒಂದು ಕಾರಣ ಎಂದರು.

"ಅಂದ್ರೆ ನೂಲಿನ ಗಂಜಿ ಬಿಟ್ಟೋಗೈತೆ ಅನ್ನಿ ಡಾಕ್ಟರಮ್ಮ" ಎಂದ ಚೌಡಣ್ಣ. ಡಾಕ್ಟರಮ್ಮ ನಕ್ಕು ತಲೆಯಾಡಿಸಿದ್ದೇ ತಪ್ಪಾಯಿತು.

ಕಂಬಳಿಯ ಹಾಸಿನ ನೂಲಿಗೆ ನಮ್ಮವರು ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ಆಗಲೇ ನೂಲು ಸವೆಯದೆ ಉಳಿಯುವುದು. ಊರಿಗೆ ಬಂದವನೇ ಆ ಗಂಜಿಯನ್ನು ದಿನಾ ಬೆಳಿಗ್ಗೆ ಕುಡಿಯತೊಡಗಿದ. ಗಂಟಲಲ್ಲಿ ಇಳಿಯದೆಂದು ಬೆಲ್ಲವನ್ನೂ ಹಾಕಿಕೊಂಡ! ಎಂಥ ಜಾಣ ನೋಡಿ. ಸಕ್ಕರೆ ಏರಿತು, ಹುಣ್ಣು ಅಗಲವಾಯಿತು. ಸೊಸೆ ಕೃಷ್ಣವೇಣಿ ಲೋಟ ಕಿತ್ತು ಅಂಗಳಕ್ಕೆ ಚೆಲ್ಲಿದಳು. ನನಗಂತೂ ಸಿಟ್ಟೂ ಬಂತು, ಅಳುವೂ ಬಂತು.

ಮತ್ತೆ ಹಿಂದೂಪುರ. "ಅಯ್ಯೋ ಪೆದ್ದಾಯನಾ, ಯಜಮಾನ್ರೇ, ಹೊಟ್ಟೆಗೆ ಹಾಕಿದ್ದು ಹೋಗಿ ನಾಳಕ್ಕೆ ಬಳ್ಕೊಳಲ್ಲ. ಆ ಎಳೆಗಳನ್ನ ಮೈಯೇ ಮಾಡ್ಕೊಳ್ತದೆ. ನೀವು ಸಕ್ಕರೆ ಇಳಿಸಿ, ಕಾಲು ಊರ್ದೆ ಕೂತ್ಕೊಳ್ಳಿ" ಎಂದರು ಡಾಕ್ಟರಮ್ಮ.

"ನನ್ ಕೈಯಲ್ಲಿ ಏನೂ ಮಾಡೋಂಗಿಲ್ವಾ?" ಎಂದ ಚೌಡಣ್ಣ.

"ಸುಮ್ಕಿರೋದೇ ನಿಮ್ಮ ಕೆಲ್ಸ."

ಅಂದಿನಿಂದ ಹಠ ಆ ಕಡೆಗೆ ತಿರುಗಿತು. ಇನ್ಸುಲಿನ್ ತಾನೇ ಚುಚ್ಚಿಕೊಂಡ. ಮುದ್ದೆ ಅರ್ಧ ಮಾಡಿದ. ನೆಂಟರು ಬಾಯಿಗಿಡಲು ಬಂದ ಹೋಳಿಗೆಗೂ "ವದ್ದಂಟೆ ವದ್ದು, ಬೇಡ ಅಂದ್ರೆ ಬೇಡ" ಎಂದ. ಮಗ್ಗ ಧೂಳು ತಿಂದಿತು. ಬೇಸಿಗೆ ಕಳೆಯುವಷ್ಟರಲ್ಲಿ ಹುಣ್ಣು ಮಾಯಿತು.

ಆದರೆ ಡಾಕ್ಟರಮ್ಮ ಒಂದು ಷರತ್ತು ಹಾಕಿದರು. ಕಾಲಿಗೆ ಇನ್ನೂ ಸ್ಪರ್ಶ ಮರಳಿಲ್ಲ. ಮೆತ್ತನೆ ಚಪ್ಪಲಿಯಿಲ್ಲದೆ ಎಲ್ಲೂ ಕಾಲಿಡಬಾರದು, ಮಗ್ಗದಲ್ಲೂ. ಮಗ್ಗದ ಗುಂಡಿ ನಮಗೆ ದೇವರ ಮನೆಗೆ ಸಮ. ಚಪ್ಪಲಿ ಹಾಕಿ ಇಳಿದವರನ್ನು ನಾನು ಕಂಡಿಲ್ಲ.

ಗುಂಡಿಯ ಅಂಚಿನಲ್ಲಿ ಅವನು ಕಾಲು ಇಳಿಬಿಡದೆ ಕೂತ. ಕೃಷ್ಣವೇಣಿ ಹೊಸ ಚಪ್ಪಲಿ ತಂದು, ಸೆರಗಿನಿಂದ ಒರೆಸಿ, ಮಾವನ ಕಾಲಿಗೆ ತೊಡಿಸಿದಳು. ಚೌಡಣ್ಣ ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡ.

"ತಪ್ಪಾದ್ರೆ ನನ್ ಮ್ಯಾಲಿರ್ಲಿ ಕಣವ್ವಾ, ಕಾಲು ಮಾತ್ರ ನಂಗಿರ್ಲಿ" ಎಂದು ಮಗ್ಗಕ್ಕೆ ಹೇಳಿ, ಚಪ್ಪಲಿಗಾಲಲ್ಲೇ ಇಳಿದ.