ಒದ್ದೆ ಬಟ್ಟೆಯಲ್ಲಿ ಬಂದ ಟಗರು

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕುರಿ ಕಾಯುವವರ ಮಗಳಾದ ನಾನು ಇಂದು ಮೀರಜದ ಹತ್ತಿರದ ವಿಶ್ರಾಮಬಾಗದ ಪ್ರಯೋಗಾಲಯವೊಂದರಲ್ಲಿ ಬಾಳೆ ಸಸಿ ಮಾಡುತ್ತೇನೆ. ಗಡ್ಡೆಯೊಳಗಿನ ಎಳೆ ಚಿಗುರಿನ ಚೂರನ್ನು ಬಾಟಲಿಯಲ್ಲಿ ಬೆಳೆಸಿದರೆ ಒಂದೇ ಗಿಡದಿಂದ ಅದರದೇ ಅಚ್ಚಿನ ನೂರಾರು ಗಿಡಗಳು ಏಳುತ್ತವೆ.

ಹೋದ ವರ್ಷ ನಮ್ಮ ಹೊಲದ ಬಾಳೆಯ ಬುಡದಲ್ಲೆದ್ದ ಮರಿಯೊಂದನ್ನು ತರಲು ಅಪ್ಪನಿಗೆ ಹೇಳಿದ್ದೆ. “ಒದ್ದಿ ಬಟ್ಟಿ ಸುತ್ತಿ ತರ್ರಿ, ಒಣಗಿದ್ರ ಉಪಯೋಗಿಲ್ಲ.” ಆಮೇಲೆ ಅದರ ಸಸಿಗಳೆದ್ದ ಬಾಟಲಿಗಳ ಸಾಲನ್ನು ಗಾಜಿನಾಚೆ ನಿಂತು ನೋಡಿದವನು ಊರ ಕಟ್ಟೆಯ ಮೇಲೆ ಹೇಳಿದ್ದೇ ಹೇಳಿದ್ದು: “ನನ್ನ ಮಗಳ ಕೈಯಾಗ ಒಂದು ಚೂರು ಕೊಡ್ರಿ, ಇಡೀ ಗಿಡ ಎಬ್ಬಿಸಿ ನಿಲ್ಲಸ್ತಾಳ.”

ಈ ಬೇಸಿಗೆಯಲ್ಲಿ ಅಪ್ಪನ ಟಗರು ಸತ್ತಿತು. ಬಾಗಿದ ಮೂಗಿನ ದೊಡ್ಡ ಪ್ರಾಣಿ. ಅಪ್ಪ ನಾಲಿಗೆ ಲೊಚಗುಟ್ಟಿದರೆ ಹಿಂಡನ್ನೆಲ್ಲ ಸರಿಸಿಕೊಂಡು ಬಂದು ಅವನ ಮೊಣಕಾಲಿಗೆ ಹಣೆ ಒತ್ತಿ ನಿಲ್ಲುತ್ತಿತ್ತು. ಸುದ್ದಿ ಫೋನಿನಲ್ಲಿ ಬರಲಿಲ್ಲ. ಮಧ್ಯಾಹ್ನ ಅಪ್ಪನೇ ಊಟದ ಡಬ್ಬಿ ಎದೆಗವಚಿಕೊಂಡು ಬಂದ. ನಾನು ಗೇಟಿಗೆ ಹೋಗುವಷ್ಟರಲ್ಲಿ ಕಾವಲುಗಾರ ಮಾತಿಗೆಳೆದಿದ್ದ.

“ಕಾಕಾ, ಮಗಳಿಗೆ ಏನ ಭಾಜಿ ತಂದೀರಿ?”

“ಟಗರ ತಂದೇನಿ.”

“ಭಾರೀ ಆತಲ್ರಿ! ನಮಗೂ ಒಂದ ತುಂಡ ಇಡ್ರಿ ಮತ್ತ.”

ಅಪ್ಪ ನಗಲಿಲ್ಲ. ಬೇವಿನ ನೆರಳಿಗೆ ಬಂದು ಮುಚ್ಚಳ ತೆಗೆದ. ಒದ್ದೆ ಬಟ್ಟೆಯೊಳಗೆ ಟಗರಿನ ಕಿವಿಯ ತುದಿ.

“ಮುಂಜಾನಿ ಹೋತು. ಒಣಗಾಕ ಬಿಟ್ಟಿಲ್ಲ ನೋಡವ್ವ. ಬಾಟ್ಲ್ಯಾಗ ಹಾಕು.”

ಗಿಡದ ಚೂರು ಗಿಡವಾಗುತ್ತದೆ, ಪ್ರಾಣಿಯದೇಕೆ ಆಗದು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಅಪ್ಪನಿಗೆ ನಮ್ಮ ಹೊಲದ ಬಾಳೆಯಿಂದಲೇ ಶುರುಮಾಡಿದೆ.

“ಅಪ್ಪಾ, ಕುಂದ್ರಿ. ಬಾಳಿ ತಾನ ಮರಿ ಹಾಕತೈತಿ, ಬೀಜ ಬೇಕಿಲ್ಲ. ಅದರ ಹುಟ್ಟುಗುಣ ಅದು. ನಾವು ಬಾಟ್ಲ್ಯಾಗ ಜಲ್ದಿ ಮಾಡಿಸ್ತೇವಿ, ಅಷ್ಟ. ಕುರಿ ಕಿವಿ ಹಂಗ ಕುರಿ ಆಗೂದಿಲ್ರಿ.”

“ಪರದೇಶದಾಗ ಒಂದು ಚೂರಿಂದ ಕುರಿ ಮಾಡ್ಯಾರಂತ ನೀನ ಹೇಳಿದ್ದಿಯಲ್ಲ?”

“ಮಾಡ್ಯಾರ. ಅದಕ್ಕ ಒಂದು ಕುರಿ ಹೊಟ್ಟ್ಯಾಗಿನ ತತ್ತಿ ಬೇಕು, ಹೊಟ್ಟ್ಯಾಗ ಹೊರಾಕ ಮತ್ತೊಂದು ಕುರಿ ಬೇಕು. ಎಷ್ಟೋ ಕೆಟ್ಟು ಒಂದು ಉಳಿತೈತಿ. ಇಲ್ಲಿ ಆ ಸಾಮಾನಿಲ್ಲ. ನನಗ ಆ ಕೆಲಸ ಬರೂದಿಲ್ಲ.”

ಬರುವುದಿಲ್ಲ ಎಂಬ ಮಾತನ್ನು ಅಪ್ಪ ನನ್ನ ಬಾಯಿಂದ ಅದೇ ಮೊದಲು ಕೇಳಿದ್ದು. ಡಬ್ಬಿಯ ಮುಚ್ಚಳ ಹಾಕಿದ, ಮತ್ತೆ ತೆಗೆದ.

“ಮಾಡಿದ್ರ, ನಾ ಕರದ್ರ ಬರ್ತಿತ್ತೇನು?”

“ಮಾರಿ, ಮೂಗು ಎಲ್ಲಾ ಅದ ಇರ್ತಿತ್ತು. ಕರದ್ರ ಬರೂದು ನೀವು ಕಲಿಸಿದ್ದಲ್ರಿ? ಅದನ್ನ ಮತ್ತ ಮೊದಲಿಂದ ಕಲಿಸಬೇಕಿತ್ತು.”

ಬೇವಿನಡಿ ಸಾಲಾಗಿ ಇಟ್ಟಿದ್ದ ಬಾಳೆ ಸಸಿಗಳಲ್ಲೊಂದರ ಎಲೆಯನ್ನು ಅಪ್ಪ ಬೆರಳಲ್ಲಿ ಸವರಿದ. “ಹಂಗಾರ ಅದರ ಮರಿಗೇ ಕಲಿಸ್ತೇನಿ ಬಿಡು. ಸಣ್ಣದೊಂದಕ್ಕ ಅದರ ಮೂಗು ಬಂದೈತಿ.”

ಕಿವಿಯನ್ನು ಟಗರು ಹೂತಲ್ಲೇ ಇಡಬೇಕೆಂದು ಸಂಜೆಗೇ ಹೊರಟ. ಮೀರಜದ ನಿಲ್ದಾಣದಲ್ಲಿ ಬಸ್ಸಿನ ಕಿಟಕಿಯ ಬಳಿ ನಾನು ನಿಂತಿರುವಾಗ ಅಪ್ಪನಿಗೆ ಊರಿನಿಂದ ಅವನ ತಮ್ಮನ ಫೋನ್ ಬಂತು. ಟಗರಿನ ಕೆಲಸ ಆಯಿತೇ ಎಂದು ಕೇಳಿರಬೇಕು. ಅಪ್ಪ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ:

“ನನ್ನ ಮಗಳು ಆಗೂದಿಲ್ಲ ಅಂದ್ಲು. ಅಕಿ ಕೈಲೆ ಆಗೂದಿಲ್ಲಂದ್ರ ಯಾರ ಕೈಲೂ ಆಗೂದಿಲ್ಲ!”

ಪರದೇಶದ ಕುರಿ ನೆನಪಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಹೊರಟಿತು. ನಾನೂ ಕೂಗಿ ಹೇಳಲು ಹೋಗಲಿಲ್ಲ.