ಪಿಯಾನೊ ಹೊರುವವರ ಮನೆಯ ನಾಯಿ

ಐದು ಕಿಲೋಗಿಂತ ಭಾರದ್ದೇನನ್ನೂ ಇನ್ನು ಎತ್ತಕೂಡದು ಎಂದು ಡಾಕ್ಟರು ಹೇಳಿದ ದಿನ ಓತಕಾರ್ ವೊಂದ್ರುಷ್ಕಾ ಮನೆಗೆ ಬಂದವರೇ ಊಟ ಮಾಡದೆ ಮಲಗಿಬಿಟ್ಟರು. ಪ್ರಾಗ್‌ನ ನಮ್ಮ ಝಿಷ್ಕೋವ್ ಕಡೆ ಅವರು ಹೊತ್ತಿಳಿಸದ ಪಿಯಾನೊ ಇರಲಿಲ್ಲ. ಬಾಗಿಲಿನಷ್ಟು ಅಗಲದ ಆಳು. ಬೆನ್ನಿನ ಆಪರೇಷನ್ ಆದಮೇಲೆ ಆಲೂಗಡ್ಡೆ ಚೀಲ ಹಿಡಿಯುವುದಕ್ಕೂ ಹೆಂಡತಿ ಯಾರ್ಮಿಲಾ ಬಿಡಲಿಲ್ಲ. ಅವರ ಮನೆ ಮೂರನೆಯ ಮಹಡಿಯಲ್ಲಿ, ನನ್ನದು ಸರಿಯಾಗಿ ಅದರ ಕೆಳಗೆ. ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ ಅವರು ಓಡಾಡುವುದು ದಿನವಿಡೀ ನನ್ನ ತಲೆಯ ಮೇಲೆ ಕೇಳುತ್ತಿತ್ತು.

“ಒಂದು ನಾಯಿ ತಗೋ ಮಾರಾಯ,” ಎಂದಳು ಯಾರ್ಮಿಲಾ ಕೊನೆಗೆ. “ಹೊರಗೆ ಹೋಗೋಕೆ ನೆಪ ಆಗುತ್ತೆ. ನನ್ನ ಮುಖ ನೋಡಿ ನೋಡಿ ನಿಂಗೂ ಸಾಕಾಗಿದೆ, ನಂಗಂತೂ ಯಾವತ್ತೋ ಸಾಕಾಗಿದೆ.”

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಾಯಿಗೆ ಕಾಯಿಲೆಯಾದರೆ, ವಯಸ್ಸಾದರೆ, ಎತ್ತಿಕೊಂಡೇ ಮೆಟ್ಟಿಲು ಹತ್ತಬೇಕು. ಡಾಕ್ಟರ ಮಾತಿಗೆ ಒಗ್ಗುವ ನಾಯಿ ಯಾವುದೆಂದು ಓತಕಾರ್ ಅವರಿವರನ್ನು ಕೇಳಿ, ಹಿಂದಿನ ಕಾಲದಲ್ಲಿ ಇಲಿ ಹಿಡಿಯುತ್ತಿದ್ದ ನಮ್ಮದೇ ಕ್ರಿಸಾರ್ಜಿಕ್ ತಳಿಗೆ ಬಂದು ನಿಂತರು. ಬೆಳೆದರೂ ಮೂರು ಕಿಲೋ ದಾಟದ ನಾಯಿ. ಕಪ್ಪು ಮೈ, ಕಂದು ಹುಬ್ಬು, ದೊಡ್ಡ ಕಿವಿ, ಬೆಂಕಿಕಡ್ಡಿಯಂಥ ಕಾಲು. ನಮ್ಮವರೇ ಎಷ್ಟೋ ಜನ ಅದನ್ನು ಬೇರೆ ದೇಶದ ನಾಯಿ ಎಂದುಕೊಳ್ಳುತ್ತಾರೆ.

ಮರಿ ನೋಡಲು ಗಂಡ ಹೆಂಡತಿ ಕೊಲೀನ್‌ಗೆ ಹೋದರು. ಅಲ್ಲಿ ಈ ತಳಿಯನ್ನು ಸಾಕುವ ಸೀಕೊರೊವಾ ಎಂಬಾಕೆ ಮರಿಗಳನ್ನು ಅಡುಗೆಮನೆಯಲ್ಲೇ ಬಿಟ್ಟಿದ್ದಳು. ಎಲ್ಲಕ್ಕಿಂತ ಚಿಕ್ಕದನ್ನು ಯಾರ್ಮಿಲಾ ತೋರಿಸಿದಾಗ ಆಕೆ ಖಡಾಖಂಡಿತವಾಗಿ ಇಲ್ಲವೆಂದಳು.

“ಬಂದವರೆಲ್ಲ ಅದನ್ನೇ ಕೇಳ್ತಾರೆ. ಅದರ ಮಂಡಿಚಿಪ್ಪು ಜಾರುತ್ತೆ, ಅದು ನನ್ನ ಹತ್ರಾನೇ ಇರುತ್ತೆ. ನಿಮಗೆ ಬೇಕಾಗಿರೋದು ಗಟ್ಟಿ ಕಾಲಿನ ಮರಿ, ಹೆದರದೆ ಹತ್ರ ಬರೋ ಮರಿ. ಸುಮ್ಮನೆ ಕೂತ್ಕೊಳ್ಳಿ, ಯಾವುದು ಬರುತ್ತೋ ನೋಡೋಣ.”

ಓತಕಾರ್ ನೆಲದ ಮೇಲೆ ಕುಳಿತರು. ಒಂದು ಮರಿ ಬಂದು ಅವರ ಬೂಟಿನ ದಾರ ಕಚ್ಚಿ ಎಳೆಯತೊಡಗಿತು. ಅವರು ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

“ಪಿಯಾನೊ ಎತ್ತಿದವರು, ಇದನ್ನ ಎತ್ತೋಕೆ ಹೆದರ್ತೀರಾ?” ಎಂದಳು ಸೀಕೊರೊವಾ.

“ಪಿಯಾನೊ ಬಿದ್ರೆ ನನಗೆ ಪೆಟ್ಟು ಬೀಳುತ್ತೆ. ಇದು ಬಿದ್ರೆ ಇದಕ್ಕೆ ಬೀಳುತ್ತಲ್ಲಮ್ಮ.”

ಆ ಮರಿಗೆ ಕ್ಮೀನ್ ಎಂದು ಹೆಸರಿಟ್ಟರು. ರೊಟ್ಟಿಗೆ ಹಾಕುವ ಜೀರಿಗೆಯ ಹೆಸರು. ಆಮೇಲೆ ಮೇಲಿನ ಮನೆಯಲ್ಲಿ ಹೆಜ್ಜೆ ಸಪ್ಪಳವೇ ನಿಂತುಹೋಯಿತು. ಕಾಲೆತ್ತಿ ಇಟ್ಟರೆ ಎಲ್ಲಿ ನಾಯಿಯನ್ನು ತುಳಿದೇನೋ ಎಂದು ಓತಕಾರ್ ಪಾದವನ್ನು ನೆಲಕ್ಕೆ ಉಜ್ಜಿಕೊಂಡೇ ನಡೆಯುತ್ತಿದ್ದರು. ಸೋಫಾದಿಂದ ಅದು ಹಾರಬಾರದೆಂದು ಮರದ ಪುಟ್ಟ ಮೆಟ್ಟಿಲು ಮಾಡಿದರು. ದಿನಕ್ಕೆ ನಾಲ್ಕು ಸಲ ಚಮಚದಷ್ಟೇ ಊಟ, ಹಲ್ಲುಜ್ಜುವುದು, ಚಳಿಗೆ ಉಣ್ಣೆಯ ಅಂಗಿ, ಒಂದರಲ್ಲೂ ಲೋಪವಿಲ್ಲ. ಎತ್ತಿಕೊಳ್ಳುವುದು ಮಾತ್ರ ಯಾರ್ಮಿಲಾಳ ಕೆಲಸ.

“ನನ್ನ ಮಂಡಿ ನೋವಿಗೆ ಇವನು ಒಂದು ಮೆಟ್ಟಿಲು ಮಾಡಿಕೊಟ್ಟಿದ್ದು ನೋಡಿದ್ದೀಯಾ ಬ್ಲಾಂಕಾ?” ಎಂದು ಅವಳು ನನ್ನ ಹತ್ತಿರ ಆಡಿಕೊಳ್ಳುತ್ತಿದ್ದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಓತಕಾರ್, ಬರಿಗಾಲಲ್ಲಿ, ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು.

“ಬ್ಲಾಂಕಾ, ನಾಯಿ ಕಾಣ್ತಿಲ್ಲ. ನಾನು... ನಾನು ಮಂಚ ಮಡಚಿಬಿಟ್ಟೆ. ಯಾರ್ಮಿಲಾ ಸಂತೆಗೆ ಹೋಗಿದ್ದಾಳೆ. ತೆರೆದು ನೋಡೋಕೆ ನನ್ನ ಕೈಲಿ ಆಗ್ತಿಲ್ಲ. ನೀವೇ ಬನ್ನಿ.”

ಅವರು ಮಲಗುತ್ತಿದ್ದುದು ಹಗಲಲ್ಲಿ ಸೋಫಾ ಆಗುವ ಮಡಚುವ ಮಂಚದ ಮೇಲೆ. ನಾಯಿ ಅದರ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದರೆ? ಮೇಲೆ ಹೋದೆ. ಓತಕಾರ್ ಗೋಡೆಗೆ ಮುಖ ಮಾಡಿ ನಿಂತರು. ನಾನು ಮಂಚವನ್ನು ಎಳೆದೆ. ಒಂದು ಕಾಲುಚೀಲ, ಬಿಸ್ಕತ್ತಿನ ಪುಡಿ. ಬೇರೇನೂ ಇಲ್ಲ.

“ಇಲ್ಲಿಲ್ಲ! ತಿರುಗಿ ನೋಡಿ, ಇಲ್ಲಿಲ್ಲ!” ಎಂದೆ.

ಬೂಟುಗಳೊಳಗೆ, ಒಲೆಯ ಹಿಂದೆ, ಬಟ್ಟೆಯ ಬುಟ್ಟಿಯಲ್ಲಿ ಇಬ್ಬರೂ ಹುಡುಕಿದೆವು. ಹೆಸರು ಹಿಡಿದು ಕೂಗಿದರೂ ಸದ್ದಿಲ್ಲ. ಅಷ್ಟರಲ್ಲಿ ಬೀದಿಯಿಂದ ಯಾರ್ಮಿಲಾಳ ದನಿ ಕೇಳಿತು.

“ಓತಾ! ಆ ರಜಾಯಿ ಒಳಗೆ ಏನೋ ಮಿಸುಕಾಡ್ತಿದೆ, ಏನದು?”

ಗಾಳಿಯಾಡಲೆಂದು ಓತಕಾರ್ ಬೆಳಿಗ್ಗೆ ಪುಕ್ಕದ ರಜಾಯಿಯನ್ನು ಕಿಟಕಿಗೆ ಹಾಕಿದ್ದರು. ಅರ್ಧ ಒಳಗೆ, ಅರ್ಧ ಬೀದಿಯ ಮೇಲೆ. ಬಗ್ಗಿ ನೋಡಿದೆ. ಹೊರಗೆ ಜೋತಾಡುತ್ತಿದ್ದ ಅಂಚಿನಲ್ಲಿ, ಗವಸಿನ ಮೂಲೆಯಲ್ಲಿ ಒಂದು ಗಂಟು. ಅದರ ಪಕ್ಕದಲ್ಲೇ ಗವಸಿನ ಒಂದು ಗುಂಡಿ ಕಿತ್ತುಹೋಗಿ, ಆ ಸಂದಿಯಿಂದ ಕಪ್ಪು ಕಿವಿಯೊಂದು ಇಣುಕುತ್ತಿತ್ತು. ಬೆಚ್ಚಗಿರಲೆಂದು ಕ್ಮೀನ್ ಅಲ್ಲಿಂದಲೇ ಒಳಗೆ ನುಸುಳಿ ನಿದ್ದೆಹೋಗಿದ್ದ. ಓತಕಾರ್ ಅವನ ಸಮೇತ ಬಾಚಿ ತಂದು ಹಾಕಿದ್ದರು. ಜೀವಮಾನವೆಲ್ಲ ಪಿಯಾನೊ ಹೊತ್ತ ತೋಳಿಗೆ ಎರಡು ಕಿಲೋ ಹೆಚ್ಚಾದದ್ದು ಗೊತ್ತಾಗುವುದುಂಟೆ?

ನಾನು ಕೈ ಹಾಕಹೋದೆ. “ಮುಟ್ಟಬೇಡಿ,” ಎಂದರು. ಅಷ್ಟು ಹೊತ್ತು ನಡುಗುತ್ತಿದ್ದ ದನಿ ಅದಲ್ಲ. ಕೆಳಗೆ ಯಾರ್ಮಿಲಾ ಕೈಯಲ್ಲಿದ್ದ ಚೀಲ ಬಿಸಾಡಿ, ತನ್ನ ಕೋಟನ್ನು ಬಿಚ್ಚಿ ಎರಡು ಕೈಯಲ್ಲಿ ಹರವಿ ಹಿಡಿದು ನಿಂತಿದ್ದಳು. ಓತಕಾರ್ ಕಿಟಕಿಯಿಂದ ಹೊರಗೆ ಬಾಗಿ, ಒಂದು ಕೈಯಿಂದ ಆ ಸಂದಿಯ ಮೇಲಿನ ಬಟ್ಟೆಯನ್ನು ಮುಷ್ಟಿಯಲ್ಲಿ ಒಟ್ಟುಮಾಡಿ ಹಿಡಿದರು. ಇನ್ನೊಂದರಿಂದ ರಜಾಯಿಯನ್ನು ಇಷ್ಟಿಷ್ಟೇ ಒಳಗೆ ಎಳೆದರು. “ನಿಧಾನ... ನಿಧಾನಪ್ಪಾ... ಬಂತು, ಬಂತು...” ಇನ್ನೊಂದು ಗುಂಡಿ ಪಟ್ಟೆಂದು ಹಾರಿತು. ಅವರ ಮುಷ್ಟಿ ಸಡಿಲವಾಗಲಿಲ್ಲ. ಗಂಟು ಕಿಟಕಿಯ ಕಟ್ಟೆ ದಾಟಿ ಒಳಗೆ ಬಂತು.

ಕ್ಮೀನ್ ಹೊರಗೆ ತಲೆ ಹಾಕಿ ಬಾಯಿ ಅಗಲಿಸಿ ಆಕಳಿಸಿದ. ನಿದ್ದೆ ಕೆಡಿಸಿದ್ದಕ್ಕೆ ಸಿಟ್ಟು ಬಂದಂತಿತ್ತು. ಓತಕಾರ್ ಅವನನ್ನು ಎರಡು ಕೈಯಲ್ಲೂ ಎತ್ತಿ ಎದೆಗೆ ಅವುಚಿಕೊಂಡರು. ಕಾಲು, ಮಂಡಿ, ಪಕ್ಕೆ ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿ, ಹಾಗೇ ನೆಲಕ್ಕೆ ಕುಸಿದು ಕುಳಿತು ನಗತೊಡಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನಗೂ ತಡೆಯಲಾಗಲಿಲ್ಲ.

ಏದುಸಿರು ಬಿಡುತ್ತಾ ಯಾರ್ಮಿಲಾ ಹತ್ತಿ ಬಂದಳು. ಬಾಯಿಗೆ ಬಂದಂತೆ ಬೈಯುತ್ತಾಳೆಂದು ನಾನು ಕಾದೆ. ಅವಳು ಗಂಡನ ಬೆವರಿದ ತಲೆಯ ಮೇಲೆ ಕೈಯಿಟ್ಟಳು, ಅಷ್ಟೆ.

“ಮೊಟ್ಟೆ ಎಲ್ಲಾ ಒಡೆದುಹೋಯ್ತು,” ಎಂದಳು ಆಮೇಲೆ, ತೊಟ್ಟಿಕ್ಕುತ್ತಿದ್ದ ಚೀಲವನ್ನು ಎತ್ತಿ ತೋರಿಸಿ.

“ಒಡೆಯಲಿ ಬಿಡು,” ಎಂದರು ಓತಕಾರ್.

ಚಿಪ್ಪು ಆರಿಸಿ ತೆಗೆದು, ಈರುಳ್ಳಿ ಹಾಕಿ, ಅದನ್ನೇ ದೊಡ್ಡ ಬಾಣಲೆಯಲ್ಲಿ ಹುರಿದೆವು. ಬಿಸಿಬಿಸಿಯಾಗಿ ರೊಟ್ಟಿಯ ಜೊತೆ ಮೂವರೂ ತಿಂದೆವು. ಈರುಳ್ಳಿ ಹಾಕುವ ಮೊದಲೇ ತೆಗೆದಿಟ್ಟ ಮೊಟ್ಟೆಯ ಚೂರನ್ನು ತಣ್ಣಗೆ ಮಾಡಿ, ಓತಕಾರ್ ತಮ್ಮ ಹೆಬ್ಬೆರಳಿನ ತುದಿಯಲ್ಲಿಟ್ಟು ಕ್ಮೀನ್‌ಗೆ ನೆಕ್ಕಿಸುತ್ತಿದ್ದರು.